ಕೆಟ್ಟ ಗಣಕಯಂತ್ರದ ನಾಡಿಪರೀಕ್ಷೆ

ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ಒಂದು ಕಂಪ್ಯೂಟರು ಇತ್ತು. ಬೆಳಗ್ಗೆ ಹತ್ತು ಗಂಟೆಗೆ ನಡೆಸಿದರೆ ಯಾವ ತಕರಾರೂ ಇಲ್ಲದೆ ಕೆಲಸ ಮಾಡುತ್ತಿತ್ತು. ಮಧ್ಯಾಹ್ನ ಎರಡರ ಮೇಲೆ, ವಿದ್ಯಾರ್ಥಿಗಳು ತಮ್ಮ ಪ್ರಯೋಗದ ಅಳತೆಗಳನ್ನು ಅದರಲ್ಲಿ ತುಂಬುತ್ತಿರುವಾಗ, ಪರದೆಯೆಲ್ಲ ಒಮ್ಮೆಲೇ ನೀಲಿಯಾಗಿ ಯಂತ್ರ ನಿಂತುಬಿಡುತ್ತಿತ್ತು. ರಿಪೇರಿಗೆ ಬಂದವರಲ್ಲಿ ಒಬ್ಬರು ವಿಂಡೋಸನ್ನು ಹೊಸದಾಗಿ ಹಾಕಿಹೋದರು. ಮತ್ತೊಬ್ಬರು ವೈರಸ್ಸಿನ ಕಾಟವೆಂದರು. ನಮ್ಮ ಅಟೆಂಡರು ಮಾತ್ರ, “ಸಾರ್, ಇದಕ್ಕೆ ಸೆಕೆ ತಡೆಯೋಲ್ಲ” ಎಂದರು. ಕೊನೆಗೆ ನಿಜವಾದದ್ದು ಅವರ ಮಾತೇ. ಅದು ನಿಜವೆಂದು ಹೇಗೆ ತಿಳಿಯಿತು, ಅಂಥ ದೋಷವನ್ನು ಕಂಪ್ಯೂಟರು ರಿಪೇರಿ ಮಾಡುವವರು ಯಾವ ಸಾಧನಗಳಿಂದ ಕಂಡುಹಿಡಿಯುತ್ತಾರೆ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಹಳೆಯ ರೇಡಿಯೋ ಕೆಟ್ಟರೆ ಹಿಂಬದಿಯ ಹಲಗೆಯನ್ನು ಬಿಚ್ಚಿ, ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಅಲ್ಲಲ್ಲಿ ಮುಟ್ಟಿಸುತ್ತ ಹೋದರೆ ಸಾಕಾಗುತ್ತಿತ್ತು. ಕಂಪ್ಯೂಟರಿನಲ್ಲಿ ಈ ಉಪಾಯ ಬಹು ದೂರ ಸಾಗದು. 8 ಗಿಗಾಬೈಟಿನ ಒಂದು ರ‍್ಯಾಮ್ ಪಟ್ಟಿಯನ್ನು ತೆಗೆದುಕೊಳ್ಳೋಣ. ಆ ಪಟ್ಟಿಯಲ್ಲಿ 6,871 ಕೋಟಿಗೂ ಮಿಕ್ಕ ಸ್ಮೃತಿಕೋಶಗಳಿವೆ. ಸೆಕೆಂಡಿಗೆ ಒಂದರಂತೆ ಹಗಲಿರುಳೂ ಮುಟ್ಟಿ ನೋಡುತ್ತ ಹೋದರೂ ಮುಗಿಯಲು 2,100 ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ಆದುದರಿಂದ ಯಂತ್ರದ ದೋಷವನ್ನು ಯಂತ್ರದಿಂದಲೇ ಹುಡುಕಿಸಬೇಕು. ಹುಡುಕುವ ಕ್ರಮವನ್ನು ಅದಕ್ಕೆ ಹೇಳಿಕೊಡುವ ಆಜ್ಞಾಸರಣಿಯೇ ಪರೀಕ್ಷಕ ತಂತ್ರಾಂಶ.

ಆದರೆ ಇಲ್ಲೊಂದು ತೊಡಕಿದೆ. ಕಂಪ್ಯೂಟರು ನಡೆಯುತ್ತಿರುವಾಗ ವಿಂಡೋಸಿನಂಥ ಕಾರ್ಯವ್ಯವಸ್ಥೆಯು ರ‍್ಯಾಮಿನ ಒಂದು ಭಾಗವನ್ನು ತಾನೇ ಆಕ್ರಮಿಸಿಕೊಂಡಿರುತ್ತದೆ. ಸ್ಮೃತಿಯನ್ನು ಪರೀಕ್ಷಿಸುವುದೆಂದರೆ ಅದರಲ್ಲಿರುವುದನ್ನು ಅಳಿಸಿ ಬೇರೊಂದನ್ನು ಬರೆದು ನೋಡುವುದು. ವ್ಯವಸ್ಥೆಯು ತನ್ನ ಜಾಗದಲ್ಲಿಯೇ ಹಾಗೆ ಮಾಡಹೊರಟರೆ, ತಾನು ಕುಳಿತ ಕೊಂಬೆಯನ್ನು ತಾನೇ ಕಡಿದಂತೆ ಆದೀತು. ಇದಕ್ಕಾಗಿಯೇ ರಿಪೇರಿಯವರು ಪರೀಕ್ಷಕ ತಂತ್ರಾಂಶವನ್ನು ಒಂದು ಪೆನ್ ಡ್ರೈವಿನಲ್ಲಿಟ್ಟುಕೊಂಡು, ಯಂತ್ರವನ್ನು ಅದರಿಂದಲೇ ಎಬ್ಬಿಸುತ್ತಾರೆ. ಯಂತ್ರದೊಳಗಿನ ವಿಂಡೋಸು ಆ ಹೊತ್ತಿನಲ್ಲಿ ನಿದ್ರಿಸುತ್ತಲೇ ಇರುತ್ತದೆ. ಇಡಿಯ ಕಾರ್ಯವ್ಯವಸ್ಥೆಯೊಂದನ್ನೇ ಹೀಗೆ ಹೊರಗಿನಿಂದ ನಡೆಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರಲ್ಲಿ ಜರ್ಮನಿಯ ಕ್ಲಾಸ್ ಕ್ನಾಪರ್ ಮುಖ್ಯರು. 2000ದಲ್ಲಿ ಅವರು ಹೊರತಂದ ಕ್ನಾಪಿಕ್ಸ್ ಒಂದೇ ಸಿ.ಡಿ.ಯಿಂದ ನಡೆಯುತ್ತಿತ್ತು. ಇಂದು ಆ ಕೆಲಸವನ್ನು ಸಿಸ್ಟಂರೆಸ್ಕ್ಯೂ ಮೊದಲಾದವು ಮಾಡುತ್ತವೆ. ವೆಂಟಾಯ್ ಎಂಬ ತಂತ್ರಾಂಶದ ನೆರವಿನಿಂದ ಇಂಥ ಹತ್ತಾರನ್ನು ಒಂದೇ ಪೆನ್ ಡ್ರೈವಿನಲ್ಲಿ ಇಟ್ಟುಕೊಳ್ಳಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಸಾಲಿನಲ್ಲಿ ಕೀಲಿಗೊಂಚಲಿಗೆ ಅಂಥದೊಂದನ್ನು ತೂಗುಹಾಕಿಕೊಂಡು ಓಡಾಡುವ ಹುಡುಗರನ್ನು ಕಂಡಾಗಲೆಲ್ಲ ನಮಗೆ ಸ್ಟೆತಾಸ್ಕೋಪು ಧರಿಸಿದ ವೈದ್ಯರ ನೆನಪಾಗುತ್ತದೆ.

ಈಗ ನಮ್ಮ ಪ್ರಯೋಗಶಾಲೆಯ ರೋಗಿಯ ವಿಷಯಕ್ಕೆ ಬರೋಣ. ಸೆಕೆಗೂ ಸ್ಮೃತಿಗೂ ಏನು ಸಂಬಂಧ? ಇಂದಿನ ರ‍್ಯಾಮಿನ ಒಂದು ಕೋಶದಲ್ಲಿ ಇರುವುದು ಎರಡೇ ವಸ್ತುಗಳು: ಒಂದು ಟ್ರಾನ್ಸಿಸ್ಟರು, ಒಂದು ಕೆಪ್ಯಾಸಿಟರು. ಈ ಸರಳ ರಚನೆಯನ್ನು 1966ರಲ್ಲಿ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ರೂಪಿಸಿದರು. 1968ರಲ್ಲಿ ಅವರಿಗೆ ಪೇಟೆಂಟು ದೊರೆಯಿತು. ಕೆಪ್ಯಾಸಿಟರಿನಲ್ಲಿ ವಿದ್ಯುದಂಶವಿದ್ದರೆ 1, ಇಲ್ಲದಿದ್ದರೆ 0 ಎಂದು ಓದುವುದು ವಾಡಿಕೆ. ಅದರ ಧಾರಣಶಕ್ತಿಯನ್ನು 20 ಫೆಮ್ಟೋಫ್ಯಾರಡ್, ವಿಭವವನ್ನು 1 ವೋಲ್ಟ್ ಎಂದಿಟ್ಟುಕೊಂಡು ಲೆಕ್ಕ ಮಾಡಿದರೆ, ಒಂದು ‘1’ ಎಂಬುದು ಸುಮಾರು ಒಂದೂಕಾಲು ಲಕ್ಷ ಎಲೆಕ್ಟ್ರಾನುಗಳ ಒಂದು ಸಣ್ಣ ಗುಂಪು ಎಂದು ತಿಳಿಯುತ್ತದೆ. ಈ ಗುಂಪು ಸುಮ್ಮನೆ ಕೂರುವುದಿಲ್ಲ. ತೂತು ಮಡಕೆಯ ನೀರಿನಂತೆ ಸೋರುತ್ತಲೇ ಇರುತ್ತದೆ. ಪೂರ್ತಿ ಸೋರಿಹೋಗುವ ಮೊದಲೇ ಓದಿ ಮತ್ತೆ ತುಂಬಬೇಕು. ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೆ ಒಮ್ಮೆ ಪ್ರತಿಯೊಂದು ಕೋಶಕ್ಕೂ ಈ ಮರುಪೂರಣ ನಡೆಯುತ್ತದೆ. ಉಷ್ಣತೆ ಏರಿದಷ್ಟೂ ಸೋರಿಕೆ ಹೆಚ್ಚು. 85 ಡಿಗ್ರಿ ಸೆಲ್ಸಿಯಸ್ ಮೀರಿದರೆ 32 ಮಿಲಿಸೆಕೆಂಡಿಗೆ ಒಮ್ಮೆ ತುಂಬಬೇಕೆಂದು ನಿಯಮವೇ ಇದೆ. ಇದಕ್ಕೆ ವಿಲೋಮವಾದ ಸಂಗತಿಯೂ ಸ್ವಾರಸ್ಯವಾಗಿದೆ. 2008ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ರ‍್ಯಾಮನ್ನು ಸುಮಾರು −50 ಡಿಗ್ರಿಗೆ ತಂಪುಮಾಡಿ, ವಿದ್ಯುತ್ತನ್ನು ಕಡಿದ ಮೇಲೂ ಅದರಲ್ಲಿದ್ದ ಬರಹ ಹಲವು ನಿಮಿಷಗಳ ಕಾಲ ಬಹುಮಟ್ಟಿಗೆ ಉಳಿಯುವುದನ್ನು ತೋರಿಸಿಕೊಟ್ಟರು. ಅವರ ಉದ್ದೇಶ ರಿಪೇರಿಯಲ್ಲ. ಗುಪ್ತ ಸಂಕೇತಗಳನ್ನು ಕದಿಯುವುದು ಎಷ್ಟು ಸುಲಭವೆಂದು ಎಚ್ಚರಿಸುವುದು.

ಹಾಗಾದರೆ ಯಾವುದೋ ಒಂದು ಕೋಶ ಉಳಿದವುಗಳಿಗಿಂತ ಬೇಗ ಸೋರುತ್ತಿದ್ದರೆ ಅದನ್ನು ಹಿಡಿಯುವುದೆಂತು? ಎಲ್ಲ ಕೋಶಗಳಲ್ಲೂ 0 ಬರೆದು ಓದೋಣ, ಆಮೇಲೆ 1 ಬರೆದು ಓದೋಣ, ಅಷ್ಟೇ ತಾನೆ ಎಂದು ವಾಚಕರು ಕೇಳಬಹುದು. ಅಷ್ಟೇ ಸಾಲದು. ಒಂದು ಊರಿನ ಅಂಚೆಯವನು ಮನೆಗಳನ್ನು ತಪ್ಪಾಗಿ ಗುರುತಿಸುತ್ತಾನೆಂದು ಭಾವಿಸಿರಿ. ಎಲ್ಲ ಮನೆಗಳಿಗೂ ಒಂದೇ ಒಕ್ಕಣೆಯ ಕಾಗದವನ್ನು ಕಳುಹಿಸಿದರೆ ಅವನ ತಪ್ಪು ಎಂದಿಗೂ ಹೊರಬೀಳದು. ಒಂದೊಂದು ಕಾಗದದೊಳಗೂ ಆಯಾ ಮನೆಯ ಸಂಖ್ಯೆಯನ್ನು ಬರೆದು ಕಳುಹಿಸಿದರೆ ಒಡನೆಯೇ ಸಿಕ್ಕಿಬೀಳುತ್ತಾನೆ. ರ‍್ಯಾಮಿಗೆ ಹೋಗುವ ವಿಳಾಸದ ತಂತಿಗಳಲ್ಲಿ ಒಂದು ಕೆಟ್ಟಿದ್ದರೆ ಎರಡು ವಿಳಾಸಗಳು ಒಂದೇ ಕೋಶವನ್ನು ತೋರಿಸುತ್ತವೆ. ಆದ್ದರಿಂದ ಪರೀಕ್ಷಕನು ಪ್ರತಿಯೊಂದು ಸ್ಥಾನದಲ್ಲೂ ಆ ಸ್ಥಾನದ ವಿಳಾಸವನ್ನೇ ಬರೆದು ಓದಿ ನೋಡುತ್ತಾನೆ.

ಇನ್ನು ನೆರೆಹೊರೆಯ ಕಾಟ. ಪಕ್ಕದ ಕೋಶಕ್ಕೆ ಬರೆಯುವಾಗ ತನ್ನ ಬೆಲೆಯನ್ನು ಬದಲಿಸಿಬಿಡುವ ದುರ್ಬಲ ಕೋಶಗಳುಂಟು. ಇವನ್ನು ಹಿಡಿಯಲು ಮೊದಲು ಸ್ಮೃತಿಯನ್ನೆಲ್ಲ ಒಂದು ನಮೂನೆಯಿಂದ ತುಂಬುತ್ತಾರೆ. ಬಳಿಕ ಕೆಳಗಿನ ವಿಳಾಸದಿಂದ ಆರಂಭಿಸಿ ಒಂದೊಂದನ್ನೂ ಓದಿ, ಸರಿಯಿದೆಯೆಂದು ಖಚಿತಪಡಿಸಿಕೊಂಡು, ಅಲ್ಲಿ ಅದರ ವಿಲೋಮವನ್ನು ಬರೆಯುತ್ತ ತುದಿಯವರೆಗೆ ಹೋಗುತ್ತಾರೆ. ಅನಂತರ ತುದಿಯಿಂದ ಕೆಳಕ್ಕೆ, ಅದೇ ರೀತಿ ಓದುತ್ತ, ಮೂಲ ನಮೂನೆಯನ್ನು ಬರೆಯುತ್ತ ಹಿಂದಿರುಗುತ್ತಾರೆ. ಹೀಗೆ ಪ್ರತಿಯೊಂದು ಕೋಶವೂ ತನ್ನ ಎರಡೂ ಬದಿಯ ನೆರೆಯವರ ಬದಲಾವಣೆಯನ್ನು ಸಹಿಸಬೇಕಾಗುತ್ತದೆ. ಇವಲ್ಲದೆ, ನಮೂನೆಯನ್ನು ಬರೆದು ಕೆಲವು ನಿಮಿಷ ಸುಮ್ಮನಿದ್ದು ಆಮೇಲೆ ಓದುವ ಪರೀಕ್ಷೆಯೂ ಒಂದಿದೆ. ಸೋರುವ ಕೋಶಕ್ಕೆ ಇದೇ ಯಮ.

ಈ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿರುವ ಪ್ರಸಿದ್ಧ ತಂತ್ರಾಂಶ ಮೆಮ್‌ಟೆಸ್ಟ್86. ಇದನ್ನು 1994ರಲ್ಲಿ ಕ್ರಿಸ್ ಬ್ರೇಡಿ ಎಂಬವರು ಬರೆದರು. 2004ರಲ್ಲಿ ಇದರಿಂದ ಕವಲೊಡೆದ ಮೆಮ್‌ಟೆಸ್ಟ್86 ಪ್ಲಸ್ ಎಂಬುದು ಇಂದಿಗೂ ಉಚಿತವಾಗಿ ದೊರೆಯುತ್ತದೆ. ನಾವು ನಮ್ಮ ಯಂತ್ರವನ್ನು ಬೆಳಗ್ಗೆ ಇದರಿಂದ ಪರೀಕ್ಷಿಸಿದಾಗ ಒಂದು ಸುತ್ತು ಪೂರ್ತಿ ಮುಗಿದರೂ ಒಂದು ತಪ್ಪೂ ಕಾಣಲಿಲ್ಲ. ನಿಲ್ಲಿಸದೆ ಹಾಗೆಯೇ ಬಿಟ್ಟೆವು. ಏಪ್ರಿಲ್ ತಿಂಗಳ ಮಧ್ಯಾಹ್ನ. ಎರಡೂ ಕಾಲರ ವೇಳೆಗೆ ಪರದೆಯ ಮೇಲೆ ಕೆಂಪು ಸಾಲುಗಳು ಮೂಡತೊಡಗಿದವು. ಎಲ್ಲ ಸಾಲುಗಳಲ್ಲೂ ಒಂದೇ ವಿಳಾಸದ ಆಸುಪಾಸು, ಒಂದೇ ಬಿಟ್.

ಇಲ್ಲಿ ಒಂದು ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ಒಂದು ಸುತ್ತಿನಲ್ಲಿ ತಪ್ಪು ಕಾಣದಿದ್ದರೆ ರ‍್ಯಾಮ್ ನೆಟ್ಟಗಿದೆ ಎಂದು ಸಿದ್ಧವಾಗುವುದಿಲ್ಲ. ಒಂದೇ ಒಂದು ತಪ್ಪು ಕಂಡರೂ ಯಂತ್ರದಲ್ಲಿ ದೋಷವಿದೆ ಎಂದು ಸಿದ್ಧವಾಗುತ್ತದೆ. ಆದರೆ ದೋಷವಿರುವುದು ಪಟ್ಟಿಯಲ್ಲಿಯೇ, ಅದನ್ನು ಸಿಕ್ಕಿಸುವ ಗಾಡಿಯಲ್ಲಿಯೇ, ಇಲ್ಲವೆ ವಿದ್ಯುತ್ ಪೂರೈಕೆಯಲ್ಲಿಯೇ ಎಂಬುದನ್ನು ತಂತ್ರಾಂಶ ಹೇಳಲಾರದು. ಅದಕ್ಕೆ ಹಳೆಯ ಉಪಾಯವೇ ಗತಿ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡುವುದು. ನಮ್ಮಲ್ಲಿ ಎರಡು ಪಟ್ಟಿಗಳಿದ್ದವು. ಅವುಗಳ ಹಳದಿ ಸಂಪರ್ಕಗಳನ್ನು, ನಮ್ಮ ರಿಪೇರಿಯವರೆಲ್ಲರೂ ಮಾಡುವಂತೆ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲನೆ ಉಜ್ಜಿದೆವು, ತಪ್ಪು ಹೋಗಲಿಲ್ಲ. ಪಟ್ಟಿಗಳ ಸ್ಥಾನವನ್ನು ಅದಲುಬದಲು ಮಾಡಿದಾಗ ತಪ್ಪೂ ಪಟ್ಟಿಯ ಜೊತೆಗೆ ಸ್ಥಳಾಂತರವಾಯಿತು. ಆ ಪಟ್ಟಿಯನ್ನು ತೆಗೆದಿಟ್ಟ ಮೇಲೆ ಯಂತ್ರ ಯಾವ ಮಧ್ಯಾಹ್ನವೂ ನಿಂತಿಲ್ಲ. ಎರಡು ಸಲ ವಿಂಡೋಸು ಹಾಕಿಸಿದ ಹಣ ವ್ಯರ್ಥವಾಗಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಯಂತ್ರಭಾಗಗಳೆಲ್ಲ ನೆಟ್ಟಗಿದ್ದೂ ಕಂಪ್ಯೂಟರು ಕುಂಟುವುದುಂಟು. ಆಗ ದೋಷ ಇರುವುದು ಒಳಗೆ ನಡೆಯುತ್ತಿರುವ ತಂತ್ರಾಂಶಗಳಲ್ಲಿ. ಇದಕ್ಕೆ ಮಾರ್ಕ್ ರಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1996ರಿಂದ ಬರೆಯುತ್ತ ಬಂದ ಸಿಸ್‌ಇಂಟರ್ನಲ್ಸ್ ಎಂಬ ಸಾಧನಗಳ ಗುಚ್ಛ ಬಲು ಉಪಯುಕ್ತ. 2006ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯೇ ಇದನ್ನು ಕೊಂಡುಕೊಂಡಿತು. ಇದರಲ್ಲಿನ ಆಟೋರನ್ಸ್ ಎಂಬುದು, ಯಂತ್ರ ಎಚ್ಚರವಾಗುವಾಗ ಕರೆಯದೆಯೇ ತಾವಾಗಿ ಎದ್ದು ಬರುವ ತಂತ್ರಾಂಶಗಳೆಲ್ಲವನ್ನೂ ಪಟ್ಟಿಮಾಡಿ ತೋರಿಸುತ್ತದೆ. ಸಂಶಯ ಬಂದುದನ್ನು ಅಳಿಸದೆ, ಅದರ ಮುಂದಿನ ಗುರುತನ್ನು ಮಾತ್ರ ತೆಗೆದು ನೋಡುವುದು ಒಳ್ಳೆಯದು. ತಪ್ಪಾಗಿದ್ದರೆ ಮತ್ತೆ ಹಾಕಬಹುದು.

ರ‍್ಯಾಮ್ ಕೆಟ್ಟರೆ ಹೊಸದನ್ನು ತರಬಹುದು. ಹಾರ್ಡ್ ಡಿಸ್ಕು ಕೆಟ್ಟರೆ ಹಾಗಲ್ಲ. ಹೋಗುವುದು ಬರಿಯ ಯಂತ್ರವಲ್ಲ, ಅದರಲ್ಲಿ ಬರೆದಿಟ್ಟ ಕೆಲಸ. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬ ನಿಧಾನವಾಗಿದ್ದ ತನ್ನ ಡಿಸ್ಕನ್ನು ಒಂದು ಅಂಗಡಿಗೆ ಕೊಟ್ಟ. ಅಲ್ಲಿಯವರು ಡಿಸ್ಕನ್ನು ತಿದ್ದುವ ಆಜ್ಞೆಯೊಂದನ್ನು ಕೊಟ್ಟು ರಾತ್ರಿಯೆಲ್ಲ ಅದನ್ನು ನಡೆಯಲು ಬಿಟ್ಟರು. ಬೆಳಗಾಗುವಷ್ಟರಲ್ಲಿ ಡಿಸ್ಕು ಸತ್ತಿತ್ತು. ಅವರು ಮೋಸ ಮಾಡಿದರೆಂದು ನಾವು ಹೇಳುವುದಿಲ್ಲ. ಸಾಯುತ್ತಿರುವ ಡಿಸ್ಕಿಗೆ ತಿದ್ದುಪಡಿಯ ಆಜ್ಞೆ ಎಂದರೆ, ಹೃದ್ರೋಗಿಯನ್ನು ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಿಸಿದ ಹಾಗೆ ಎಂಬುದು ಅವರಿಗೆ ತಿಳಿದಿರಲಿಲ್ಲ.

ಡಿಸ್ಕಿನ ಆರೋಗ್ಯವನ್ನು ಮೊದಲು ತಿಳಿಯುವುದು ಹೇಗೆ? ಪ್ರತಿಯೊಂದು ಡಿಸ್ಕೂ ತನ್ನ ಕಷ್ಟಸುಖಗಳ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಈ ಏರ್ಪಾಡಿಗೆ ಸ್ಮಾರ್ಟ್ ಎಂದು ಹೆಸರು. ಈ ಲೆಕ್ಕವನ್ನು ಓದಿ ತೋರಿಸುವ ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ತಂತ್ರಾಂಶವನ್ನು 2002ರಲ್ಲಿ ಆರಂಭಿಸಿದವರು ಕಂಪ್ಯೂಟರು ವ್ಯಾಪಾರಿಯಲ್ಲ, ಭೌತವಿಜ್ಞಾನಿ ಬ್ರೂಸ್ ಆಲೆನ್. ಗುರುತ್ವತರಂಗಗಳನ್ನು ಅರಸುವ ಸಂಶೋಧನೆಗೆ ಬೇಕಾದ ಲೆಕ್ಕಾಚಾರಕ್ಕಾಗಿ ಅವರು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೂರಾರು ಕಂಪ್ಯೂಟರುಗಳನ್ನು ಒಟ್ಟಿಗೆ ಕಟ್ಟಿದ್ದರು. ಅಷ್ಟೊಂದು ಡಿಸ್ಕುಗಳಿರುವಲ್ಲಿ ಒಂದಲ್ಲ ಒಂದು ಕೆಡುತ್ತಲೇ ಇರುವುದು ಸಹಜ. ಮುನ್ಸೂಚನೆ ಬೇಕಾಗಿ ಈ ಸಾಧನ ಹುಟ್ಟಿತು.

ಸ್ಮಾರ್ಟ್ ಕೊಡುವ ಲೆಕ್ಕಗಳಲ್ಲಿ ಹೆಚ್ಚಿನವು ರಿಪೇರಿಯವನಿಗೆ ಬೇಡ. 5ನೆಯದು, ಕೆಟ್ಟ ಸೆಕ್ಟರುಗಳ ಬದಲಿಗೆ ಮೀಸಲು ಸೆಕ್ಟರುಗಳನ್ನು ಎಷ್ಟು ಸಲ ಬಳಸಲಾಯಿತೆಂದು ಹೇಳುತ್ತದೆ. 197ನೆಯದು, ಓದಲು ಆಗದೆ ತೀರ್ಮಾನ ಕಾದು ಕುಳಿತ ಸೆಕ್ಟರುಗಳ ಸಂಖ್ಯೆ. ಇದು ಸೊನ್ನೆಯಲ್ಲದಿದ್ದರೆ ಜಾಗರೂಕರಾಗಬೇಕು. ಅಂಥ ಸೆಕ್ಟರಿನ ಮೇಲೆ ಹೊಸದಾಗಿ ಏನನ್ನಾದರೂ ಬರೆದರೆ ಡಿಸ್ಕು ಸಮಾಧಾನಗೊಳ್ಳುತ್ತದೆ ನಿಜ, ಆದರೆ ಅಲ್ಲಿದ್ದ ಹಳೆಯ ಬರಹ ಶಾಶ್ವತವಾಗಿ ಹೋಗುತ್ತದೆ. 199ನೆಯದು ಏರುತ್ತಿದ್ದರೆ ಅನೇಕ ವೇಳೆ ಡಿಸ್ಕಿನ ತಪ್ಪಲ್ಲ, ಅದಕ್ಕೆ ಜೋಡಿಸಿದ ಕೇಬಲಿನ ತಪ್ಪು. ಕೇಬಲು ಬದಲಿಸಿದರೆ ಸರಿಹೋಗುವ ಡಿಸ್ಕನ್ನು ಎಸೆದವರನ್ನು ನಾವು ಕಂಡಿದ್ದೇವೆ.

ಈ ಲೆಕ್ಕಗಳನ್ನು ಎಷ್ಟು ನಂಬಬಹುದು? ಗೂಗಲ್ ಸಂಸ್ಥೆಯವರು ತಮ್ಮಲ್ಲಿದ್ದ ಒಂದು ಲಕ್ಷಕ್ಕೂ ಮಿಕ್ಕ ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಡಿಸ್ಕು ತನ್ನನ್ನು ತಾನೇ ತಪಾಸಿಸಿಕೊಳ್ಳುವಾಗ ಮೊದಲ ತಪ್ಪು ಕಂಡುಬಂದ ಮೇಲೆ, ಅದು 60 ದಿನಗಳೊಳಗೆ ಕೆಡುವ ಸಂಭವ ತಪ್ಪು ಕಾಣದ ಡಿಸ್ಕಿಗಿಂತ 39 ಪಟ್ಟು ಹೆಚ್ಚೆಂದು ಅವರು ಕಂಡರು. ಅದೇ ಲೇಖನದ ಇನ್ನೊಂದು ಅಂಶ ಅಷ್ಟೇ ಮುಖ್ಯ: ಕೆಟ್ಟ ಡಿಸ್ಕುಗಳಲ್ಲಿ ನೂರಕ್ಕೆ 56ಕ್ಕೂ ಹೆಚ್ಚಿನವು ನಾಲ್ಕು ಪ್ರಬಲ ಸೂಚನೆಗಳಲ್ಲಿ ಒಂದನ್ನೂ ಕೊಡದೆ ಕೆಟ್ಟಿದ್ದವು. ಸೂಚನೆ ಕಂಡರೆ ನಂಬಬೇಕು, ಕಾಣದಿದ್ದರೆ ನಿಶ್ಚಿಂತೆಯಿಂದಿರಲಾಗದು.

ಹಿಂದಿನ ವರ್ಷ ಎಂ.ಎಸ್‌ಸಿ. ವಿದ್ಯಾರ್ಥಿನಿಯೊಬ್ಬಳು ಹೊರಗಿನಿಂದ ಜೋಡಿಸುವ 500 ಗಿಗಾಬೈಟಿನ ಡಿಸ್ಕೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದಳು. ಮನೆಯೊಳಗಿನ ಗಾಳಿಯಲ್ಲಿ ರೇಡಾನ್ ಅನಿಲ ಎಷ್ಟಿದೆಯೆಂದು ಆಕೆ 82 ದಿನ ಬಿಡದೆ ಅಳೆದಿದ್ದಳು, ದಿನಕ್ಕೊಂದು ಕಡತ. “ಸರ್, ಬೇರೆ ಎಲ್ಲೂ ಕಾಪಿ ಇಟ್ಟಿಲ್ಲ” ಎನ್ನುವಾಗ ಆಕೆಯ ಧ್ವನಿ ನಡುಗುತ್ತಿತ್ತು. ಬೈಯುವ ಸಮಯ ಅದಲ್ಲ. ಡಿಸ್ಕನ್ನು ಕಿವಿಗೆ ಹಿಡಿದು ನೋಡಿದೆವು. ಟಿಕ್ ಟಿಕ್ ಎಂದು ಬಡಿದುಕೊಳ್ಳುತ್ತಿದ್ದರೆ ಓದುವ ಶಿರವೇ ಜಖಂ ಆಗಿದೆಯೆಂದು ಅರ್ಥ; ಅಂಥದನ್ನು ಒಡನೆಯೇ ನಿಲ್ಲಿಸಿ, ಧೂಳಿಲ್ಲದ ಕೊಠಡಿಯುಳ್ಳ ತಜ್ಞರಿಗೆ ಒಪ್ಪಿಸಬೇಕು. ಇಲ್ಲಿ ಆ ಸದ್ದಿರಲಿಲ್ಲ. 197ನೆಯ ಲೆಕ್ಕ ಮಾತ್ರ ಸೊನ್ನೆಯಾಗಿರಲಿಲ್ಲ.

ಇಂಥಲ್ಲಿ ಮೊದಲ ಕೆಲಸ ದುರಸ್ತಿಯಲ್ಲ, ನಕಲು. ನಕಲು ತೆಗೆಯಲು ಆಂಟೋನಿಯೋ ಡಿಯಾಸ್ ಡಿಯಾಸ್ ಎಂಬವರು 2004ರಲ್ಲಿ ಹೊರತಂದ ಡಿಡಿರೆಸ್ಕ್ಯೂ ಎಂಬ ತಂತ್ರಾಂಶವಿದೆ. ಒಳ್ಳೆಯ ಡಿಸ್ಕಾದರೆ ಸೆಕೆಂಡಿಗೆ 100 ಮೆಗಾಬೈಟಿನಂತೆ 500 ಗಿಗಾಬೈಟುಗಳು ಒಂದೂವರೆ ಗಂಟೆಯೊಳಗೆ ನಕಲಾಗುತ್ತವೆ. ಆದರೆ ಕೆಟ್ಟ ಸೆಕ್ಟರೊಂದು ಎದುರಾದಾಗ ಡಿಸ್ಕು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಒಂದಕ್ಕೆ 10 ಸೆಕೆಂಡಾದರೆ 3,600 ಕೆಟ್ಟ ಸೆಕ್ಟರುಗಳಿಗೆ 10 ಗಂಟೆ. ಈ ಶ್ರಮದಲ್ಲಿಯೇ ಡಿಸ್ಕು ಸತ್ತುಹೋದರೆ ಮುಂದಿದ್ದ ಒಳ್ಳೆಯ ಭಾಗವೂ ಕೈತಪ್ಪುತ್ತದೆ. ಜಾಣ ವಿದ್ಯಾರ್ಥಿ ಪರೀಕ್ಷೆಯಲ್ಲಿ ಏನು ಮಾಡುತ್ತಾನೆ? ಕಠಿನ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಿ, ಬಂದಷ್ಟನ್ನು ಮೊದಲು ಬರೆದು, ಆಮೇಲೆ ಹಿಂದಿರುಗುತ್ತಾನೆ. ಡಿಡಿರೆಸ್ಕ್ಯೂ ಮಾಡುವುದೂ ಇದನ್ನೇ. ಮೊದಲ ಸುತ್ತಿನಲ್ಲಿ ತೊಡಕಿನ ಜಾಗಗಳನ್ನು ಹಾರಿಕೊಂಡು ಹೋಗುತ್ತದೆ. ಎರಡನೆಯದರಲ್ಲಿ ಆ ಜಾಗಗಳ ಅಂಚುಗಳನ್ನು ಎರಡೂ ಕಡೆಯಿಂದ ಕೊರೆಯುತ್ತದೆ. ಬಳಿಕ ಉಳಿದುದನ್ನು ಒಂದೊಂದೇ ಸೆಕ್ಟರಾಗಿ ಕೆರೆದು ತೆಗೆಯುತ್ತದೆ. ಎಲ್ಲಿ ಏನಾಯಿತೆಂಬುದನ್ನು ಒಂದು ನಕ್ಷೆಯ ಕಡತದಲ್ಲಿ ಬರೆದಿಡುವುದರಿಂದ, ನಡುವೆ ಕರೆಂಟು ಹೋದರೂ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಒಂದೇ ಎಚ್ಚರ: ಆಜ್ಞೆಯಲ್ಲಿ ಮೂಲದ ಹೆಸರು ಮೊದಲು, ನಕಲಿನ ಹೆಸರು ಆಮೇಲೆ. ಅದಲುಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ನಕಲಾಗುತ್ತದೆ. ನಾವು ಆ ಸಾಲನ್ನು ಬೆರಳಿಟ್ಟು ಮೂರು ಸಲ ಓದಿದ ಮೇಲೆಯೇ ಕೀಲಿ ಒತ್ತಿದೆವು.

ಮಾರನೆಯ ದಿನ ಬೆಳಗ್ಗೆ ನೋಡಿದಾಗ ಬಾರದೆ ಉಳಿದದ್ದು 4,096 ಬೈಟುಗಳ 7 ಸೆಕ್ಟರುಗಳು ಮಾತ್ರ. ಐದು ಯಾವುದೋ ಸಿನಿಮಾದೊಳಗಿದ್ದವು. ದುರದೃಷ್ಟವಶಾತ್ ಉಳಿದ ಎರಡು ರೇಡಾನ್ ಕಡತಗಳ ಹೆಸರು ಮತ್ತು ಜಾಗಗಳನ್ನು ಬರೆದಿಟ್ಟ ಸೂಚಿಯಾಗಿದ್ದವು. ಪುಸ್ತಕದ ಪುಟಗಳೆಲ್ಲ ಇದ್ದು ವಿಷಯಸೂಚಿ ಮಾತ್ರ ಹರಿದುಹೋದಂತೆ.

ಸೂಚಿ ಹೋದರೂ ಪುಟಗಳು ಉಳಿಯುತ್ತವೆಂಬ ತತ್ತ್ವ ಹಳೆಯದು. ಡಾಸ್ ಕಾಲದ ಡಿಸ್ಕುಗಳಲ್ಲಿ ಕಡತವೊಂದನ್ನು ಅಳಿಸಿದರೆ, ಸೂಚಿಯಲ್ಲಿ ಅದರ ಹೆಸರಿನ ಮೊದಲಕ್ಷರವನ್ನು ತೆಗೆದು ಅಲ್ಲಿ 229 ಎಂಬ ಸಂಖ್ಯೆಯನ್ನು ಇಡುತ್ತಿದ್ದರು. ಒಳಗಿನ ಬರಹ ಹಾಗೆಯೇ ಇರುತ್ತಿತ್ತು. 1982ರಲ್ಲಿ ಪೀಟರ್ ನಾರ್ಟನ್ ಹೊರತಂದ ಸಾಧನಗಳು ಕಳೆದ ಕಡತಗಳನ್ನು ಮರಳಿಸಿ ಹೆಸರಾದದ್ದು ಇದರ ಬಲದಿಂದಲೇ. ಕ್ರಿಸ್ಟೋಫ್ ಗ್ರೆನಿಯೆ ಬರೆದ ಫೋಟೋರೆಕ್ ಇನ್ನೂ ಮುಂದೆ ಹೋಗಿ, ಸೂಚಿಯನ್ನು ಕೇಳುವುದೇ ಇಲ್ಲ. ಡಿಸ್ಕನ್ನು ತುಂಡುತುಂಡಾಗಿ ಓದುತ್ತ, ಆರಂಭದ ಬೈಟುಗಳಿಂದ ಕಡತದ ಜಾತಿಯನ್ನು ಗುರುತಿಸುತ್ತದೆ. ಜೆಪೆಗ್ ಚಿತ್ರವಾದರೆ ಮೊದಲ ಮೂರು ಬೈಟುಗಳು 255, 216, 255. ಇಂದಿನ ಎಕ್ಸೆಲ್ ಕಡತ ವಾಸ್ತವವಾಗಿ ಒಂದು ಜಿಪ್ ಗಂಟು. ಅದು ಪಿ, ಕೆ ಎಂಬ ಅಕ್ಷರಗಳಿಂದ ಮೊದಲಾಗುತ್ತದೆ. 1989ರಲ್ಲಿ ಜಿಪ್ ವಿಧಾನವನ್ನು ಹೊರತಂದ ಫಿಲ್ ಕಾಟ್ಸ್ ಅವರ ಹೆಸರಿನ ಮೊದಲಕ್ಷರಗಳಿವು. ಈ ಉಪಾಯ ಘನಸ್ಥಿತಿಯ ಎಸ್.ಎಸ್.ಡಿ.ಗಳಲ್ಲಿ ಹೆಚ್ಚು ಫಲಿಸದು. ಕಡತ ಅಳಿಸಿದೊಡನೆ ಆ ಜಾಗ ಖಾಲಿಯೆಂದು ಕಾರ್ಯವ್ಯವಸ್ಥೆ ತಿಳಿಸುವುದರಿಂದ, ಅವು ಬೇಗನೆ ಅದನ್ನು ನಿಜವಾಗಿಯೇ ಒರಸಿಬಿಡುತ್ತವೆ.

ನಾವು ಫೋಟೋರೆಕ್‌ನ್ನು ನಡೆಸಿದ್ದು ಮೂಲದ ಮೇಲಲ್ಲ, ನಕಲಿನ ಮೇಲೆ. ನೂರಾರು ಕಡತಗಳು ಹೊರಬಂದವು. ಒಂದಕ್ಕೂ ಹೆಸರಿಲ್ಲ, ಬರಿಯ ಸಂಖ್ಯೆ. ಪ್ರತಿದಿನದ ಅಳತೆಯ ಮೊದಲ ಸಾಲಿನಲ್ಲಿ ದಿನಾಂಕವನ್ನೂ ಕೊಠಡಿಯ ಉಷ್ಣತೆಯನ್ನೂ ಬರೆಯಬೇಕೆಂಬುದು ನಮ್ಮ ಪ್ರಯೋಗಶಾಲೆಯ ನಿಯಮ. ಅದನ್ನು ಕೇಳಿ ವಿದ್ಯಾರ್ಥಿಗಳು ಗೊಣಗುವುದುಂಟು. ಆಕೆ ಎರಡು ದಿನ ಕುಳಿತು ಒಂದೊಂದನ್ನೇ ತೆರೆದು, ಆ ಸಾಲನ್ನು ನೋಡಿ ಹೆಸರಿಟ್ಟು ಜೋಡಿಸಿದಳು. 82ರಲ್ಲಿ 80 ಸಿಕ್ಕಿದವು. ಉಳಿದೆರಡು ಪ್ರಾಯಶಃ ಡಿಸ್ಕಿನ ಬೇರೆ ಬೇರೆ ಕಡೆ ತುಂಡಾಗಿ ಹಂಚಿಹೋಗಿದ್ದವು. ಅಂಥವನ್ನು ಫೋಟೋರೆಕ್ ಅನೇಕ ವೇಳೆ ಕೂಡಿಸಲಾರದು. ಕಳೆದುಹೋದ ದಿನದ ಗಾಳಿಯನ್ನು ಮತ್ತೆ ಅಳೆಯುವ ಹಾಗಿಲ್ಲ. ಆಕೆಯ ಪ್ರಬಂಧದ ಕೋಷ್ಟಕದಲ್ಲಿ ಆ ಎರಡು ದಿನಾಂಕಗಳ ಮುಂದಿನ ಮನೆಗಳು ಖಾಲಿಯಾಗಿಯೇ ಅಚ್ಚಾಗಿವೆ.